ಸಂದಿಲ್ಲದ ನೆಲ

ಮದ್ದೂರು
3-2-1946

ಆಮಿನಾ ಆಪಾಗೆ ತಮ್ಮ ವಹಾಬನ ಸಲಾಂ.

ಕೆಲಸ ಸಿಕ್ಕಿತು! ಇಷ್ಟನ್ನು ಮೊದಲು ಅಬ್ಬಾಗೆ ಓದಿ ಹೇಳು, ಆಮೇಲೆ ಮುಂದಕ್ಕೆ ಓದು.

ಇಲ್ಲಿ ಸ್ಟೇಷನ್ನಿನ ಹತ್ತಿರ ಬೆಲ್ಲದ ಮಂಡಿ ಇಟ್ಟಿರುವ ಮಹದೇವಯ್ಯನವರು ಹೊಸ ಗೋದಾಮು ಕಟ್ಟಿಸಿದ್ದಾರೆ. ಗೋಡೆ, ತಗಡಿನ ಸೂರು ಎಲ್ಲ ಮುಗಿದಿದೆ, ನೆಲ ಒಂದು ಬಾಕಿ. ಹಳೆಯ ಗೋದಾಮಿನಲ್ಲಿ ಕಲ್ಲುಚಪ್ಪಡಿ ಹಾಸಿ, ಸುಣ್ಣದ ಗಾರೆ ತುಂಬಿ ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಚಪ್ಪಡಿಗೂ ಚಪ್ಪಡಿಗೂ ನಡುವಿನ ಸಂದಿನಿಂದ ತೇವ ಏಳುತ್ತದೆ, ಇರುವೆ ಏಳುತ್ತದೆ, ಮಳೆಗಾಲ ಬಂತೆಂದರೆ ಕೆಳಗಿನ ಸಾಲಿನ ಬೆಲ್ಲವೆಲ್ಲ ಪಾಕ. ಅದಕ್ಕೇ ಸಂದೇ ಇಲ್ಲದ ನೆಲ ಬೇಕೆಂದು ಪಟ್ಟು ಹಿಡಿದಿದ್ದಾರೆ. ಯುದ್ಧದ ಕಾಲದಲ್ಲಿ ಬೆಂಗಳೂರಿನ ಮಿಲಿಟರಿ ಗೋದಾಮುಗಳಲ್ಲಿ ನಾನು ಕಲಿತದ್ದು ಅದನ್ನೇ ಅಲ್ಲವೇ?

ಇದು ಒಂದೇ ಹರವಿನ ಕಾಂಕ್ರೀಟು. ಒಳಗಿನ ಗೋಡೆಯಿಂದ ಹಾಕುತ್ತ ಹಾಕುತ್ತ ಹಿಂದಕ್ಕೆ ಬಂದು ಬಾಗಿಲಲ್ಲಿ ಮುಗಿಸಬೇಕು. ನಡುವೆ ನಿಲ್ಲಿಸಿದೆವೋ, ಅಂಚು ಬಿಗಿದುಕೊಳ್ಳುತ್ತದೆ. ಆಮೇಲೆ ಹಾಕಿದ್ದು ಅದರ ಜೊತೆ ಕೂಡುವುದಿಲ್ಲ, ಅಲ್ಲೊಂದು ಸಂದು ಹುಟ್ಟುತ್ತದೆ. ಆದ್ದರಿಂದ ಆಳುಗಳು ಸರದಿಯ ಮೇಲೆ ಉಂಡು ಬರಬೇಕು, ಕೆಲಸ ಮಾತ್ರ ನಿಲ್ಲಬಾರದು. ಸಿಮೆಂಟಿನ ಪರ್ಮಿಟ್ಟಿಗೆ ಮಹದೇವಯ್ಯನವರು ಮಂಡ್ಯಕ್ಕೆ ಅಲೆದು ಅಲೆದು ಚಪ್ಪಲಿ ಸವೆಸಿದ್ದಾರೆ. ಕೆಟ್ಟರೆ ಮತ್ತೆ ಸಿಗುವ ಮಾತಿಲ್ಲ.

ಮೊದಲ ಕರಣೆ ಸಿಮೆಂಟು, ಗಾರೆ ಕೆಲಸದಲ್ಲೇ ತಲೆ ನರೆತ ಅಬ್ಬಾ ಕೈಯಿಂದಲೇ ಬೀಳಬೇಕೆಂದು ನನ್ನ ಆಸೆ. ಕಿರುಗಾವಲಿನ ಜವರಯ್ಯ ಮರಳು ಹೊಡೆಯುವುದಕ್ಕೆ ಬಂಡಿ ಕಟ್ಟಿಕೊಂಡು ಬರುತ್ತಾನೆ, ಅವನ ಜೊತೆ ಕಳಿಸು.

ಇನ್ನೊಂದು ಮಾತು, ತಪ್ಪು ತಿಳಿಯಬೇಡ. ಮಂಡಿಯವರ ಮುಂದೆ ಅಬ್ಬಾ ಹೆಚ್ಚು ಮಾತಾಡದಿದ್ದರೆ ಒಳ್ಳೆಯದು. ಹಳೆಯ ನೆಲ ಕೆಟ್ಟದ್ದರಿಂದ ಮಹದೇವಯ್ಯನವರಿಗೆ ಗಾರೆಯವರನ್ನು ಕಂಡರೆ ಆಗದು. ನಾನು ಬೆಂಗಳೂರಿನ ಕಂಟ್ರಾಕ್ಟರ ಕಡೆಯವನು ಎಂದಷ್ಟೇ ಹೇಳಿಕೊಂಡಿದ್ದೇನೆ.

ನಿನ್ನ ತಮ್ಮ,
ವಹಾಬ್


ಮಳವಳ್ಳಿ
19-2-1946

ವಹಾಬ್,

ಅಲ್ಲಿ ಏನಾಯಿತೋ?

ಹೋಗುವಾಗ ಅಬ್ಬಾ ಮದುವಣಿಗನ ಹಾಗೆ ಹೋದರು. ಕರಣೆಯನ್ನು ಉಜ್ಜಿ, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಕೇಳಿದವರಿಗೂ ಕೇಳದವರಿಗೂ "ನನ್ ಮಗ ಕರೆಸ್ಕೊಂಡವ್ನೆ, ಮದ್ದೂರಲ್ಲಿ ದೊಡ್ಡ ಕೆಲ್ಸ" ಎಂದು ಹೇಳುತ್ತ ಬೀದಿ ದಾಟುವುದಕ್ಕೇ ಅರ್ಧ ದಿನ ಮಾಡಿದರು. ನಿನ್ನ ಭಾವ ತಮ್ಮ ಬಸ್ಸು ಓಡಿಸುವ ಇದ್ದಿಲ ಗ್ಯಾಸಿನ ಒಲೆ ಕೆದಕುತ್ತಿದ್ದವರು ಅದನ್ನು ಬಿಟ್ಟು ಬಂದು ಬಂಡಿ ಹತ್ತಿಸಿದರು.

ಮೊನ್ನೆ ವಾಪಸು ಬಂದಿದ್ದಾರೆ. ಪಂಚೆಯ ತುಂಬ ಸಿಮೆಂಟು. ಕರಣೆಯನ್ನು ತೊಳೆಯದೆ ಅಟ್ಟಕ್ಕೆ ಎಸೆದರು. ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ, ಅವರು ಕರಣೆ ತೊಳೆಯದೆ ಉಂಡವರಲ್ಲ. ಕೇಳಿದರೆ "ನೆಲ ಕೆಟ್ಟೋಯ್ತು" ಅನ್ನುತ್ತಾರೆ, ಅಷ್ಟಕ್ಕೇ ಬಾಯಿ ಮುಚ್ಚುತ್ತಾರೆ. ನೆಲ ಕೆಟ್ಟರೆ ಕೆಡಲಿ, ಇವರಿಗೆ ಏನಾಯಿತು?

ಜವರಯ್ಯ ಬಾಗಿಲಲ್ಲಿ ಇಳಿಸಿ, ನನ್ನ ಮುಖವನ್ನೂ ನೋಡದೆ ಎತ್ತು ಹೊಡೆದುಕೊಂಡು ಹೋದ. ಕೂಡಲೇ ಬರೆ.

ನಿನ್ನ ಅಕ್ಕ,
ಆಮಿನಾ


ಮದ್ದೂರು
25-2-1946

ಆಪಾ,

ಏನಾಯಿತೆಂದು ಅವರನ್ನೇ ಕೇಳು. ಹೇಳುವುದಿಲ್ಲವಾದರೆ ನಾನು ಹೇಳುತ್ತೇನೆ. ಬೆಲ್ಲ ಹಾಕಿದರು!

ಗಾರೆ ಅರೆಯುವಾಗ ಬೆಲ್ಲದ ನೀರು ಹಾಕುವುದು ಅವರಿಗೆ ಉಸಿರಾಡಿದಷ್ಟು ಸಲೀಸು. ಸುಣ್ಣಕ್ಕೆ ಅದು ಸರಿ, ಕಲ್ಲಾಗುತ್ತದೆ. ಸಿಮೆಂಟಿಗೆ ಸಿಹಿ ಬಿದ್ದರೆ ಅದು ಬಿಗಿಯುವುದೇ ಇಲ್ಲ. ನಾನು ನನ್ನ ಸರದಿಗೆ ಊಟಕ್ಕೆ ಹೋಗಿದ್ದೆ. ಅಷ್ಟರಲ್ಲಿ ಮಂಡಿಯಿಂದ ಬೆಲ್ಲ ಕೇಳಿ ತಂದು ನೀರಿನ ಪೀಪಾಯಿಯಲ್ಲಿ ಕದಡಿದ್ದಾರೆ. ಆಳುಗಳು ಅದೇ ನೀರಲ್ಲಿ ಕಲಸಿದ್ದಾರೆ. ನನಗೆ ತಿಳಿಯಲೇ ಇಲ್ಲ. ಒಳಗಿನ ಅರ್ಧ ಮಾರನೆಯ ದಿನವೇ ಬಿಗಿಯಿತು. ನಡುವಿನಿಂದ ಬಾಗಿಲವರೆಗೆ ಮೂರನೆಯ ದಿನವೂ ಉಗುರು ಒತ್ತಿದರೆ ಇಳಿಯುತ್ತಿತ್ತು. ನಾನು ತಲೆ ಮೇಲೆ ಕೈ ಹೊತ್ತು ನಿಂತಿದ್ದರೆ, "ಬೆಲ್ಲದ ನೀರು ಹಾಕಿದೀನಿ, ಇನ್ನೂ ಗಟ್ಟಿ ಆಯ್ತದೆ" ಎಂದು ನಗುತ್ತ ಹೇಳಿದರು. ಮಹದೇವಯ್ಯನವರು ಹಿಂದೆಯೇ ನಿಂತಿದ್ದರು.

ಕೆಟ್ಟದ್ದನ್ನು ಅಗೆದು ತೆಗೆಸಿದೆ. ಬಾಗಿಲ ಹತ್ತಿರ ಇನ್ನೊಂದಿಷ್ಟು ಉಳಿದಿರುವಾಗ ಮಹದೇವಯ್ಯನವರು ಕೆಲಸ ನಿಲ್ಲಿಸಿದರು. ಮತ್ತೆ ಹಾಕಲು ಸಿಮೆಂಟಿಲ್ಲ. ಅವರಿಗೆ ನನ್ನ ಮೇಲೆ ನಂಬಿಕೆಯೂ ಇಲ್ಲ. ನಾಳೆ ಬೆಂಗಳೂರಿಗೆ ಹೋಗುತ್ತೇನೆ.

ಅಬ್ಬಾ ಇನ್ನು ಮೇಲೆ ಯಾರ ಕೆಲಸಕ್ಕೂ ಕೈ ಹಾಕದಿದ್ದರೆ ಸಾಕು.

ವಹಾಬ್


ಮಳವಳ್ಳಿ
8-3-1946

ವಹಾಬ್,

ಈ ಕಾಗದ ಮದ್ದೂರಿನಿಂದ ಬೆಂಗಳೂರಿಗೆ ಅಲೆದುಕೊಂಡು ಬಂದು ನಿನ್ನ ಕೈ ಸೇರಲಿ. ಸೇರದೆ ಇರಬಾರದು.

ನಿನ್ನೆ ಸಂತೆಯಲ್ಲಿ ಜವರಯ್ಯ ಸಿಕ್ಕಿದ. ಬಿಡಲಿಲ್ಲ ನಾನು. ಎತ್ತಿನ ಹಗ್ಗ ಹಿಡಿದು ನಿಲ್ಲಿಸಿ ಕೇಳಿದೆ. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ನಿನಗೆ ಮರೆತಿದ್ದರೆ ನೆನಪಾಗಲಿ.

"ಅಯ್ಯೋ ಅದ್ನೇನ್ ಕೇಳೀರಿ ಕಣಮ್ಮ. ಯಜಮಾನ್ರು ಮುಂದಕ್ ಬಂದು, 'ಈ ಸಾಬ್ರು ಯಾರಪ್ಪಾ, ಬೆಲ್ಲ ಕದಡ್ದೋರು?' ಅಂದ್ರು. ನಿಮ್ ತಮ್ಮ ಒಂದ್ಸಲ ದೊಡ್ಡೋರ್ ಕಡೆ ನೋಡುದ್ರು. ಆಮ್ಯಾಕೆ, 'ಯಾರೋ ಅಳೇ ಗಾರೆಯವ್ರು ಬುದ್ಧಿ, ಕೆಲ್ಸ ಕೇಳ್ಕೊಂಡ್ ಬಂದಿದ್ರು' ಅಂದ್ಬುಟ್ರು. ದೊಡ್ಡೋರು ಕರಣೆ ಇಡ್ಕಂಡು ಅಲ್ಲೇ ನಿಂತಿದ್ರು ಕಣಮ್ಮ. 'ತಡೀ ಮಗಾ, ಒಂದೆಲ್ಡು ವಾರ ತಡಿ, ಬಿಗೀತದೆ' ಅಂದ್ರು. 'ಜವರಯ್ಯ, ಈ ಮುದುಕುನ್ನ ಬಂಡಿ ಅತ್ಸು' ಅಂದ್ರು ನಿಮ್ ತಮ್ಮ. ದಾರೀಲಿ ಒಂದ್ ತೊಟ್ಟು ನೀರೂ ಮುಟ್ನಿಲ್ಲ ದೊಡ್ಡೋರು."

ಯಾರೋ! ಆ ಮಾತು ನಿನ್ನ ಬಾಯಿಂದ ಹೇಗೆ ಬಂತೋ? ಅಬ್ಬಾ ನಿನ್ನನ್ನು ಮಗಾ ಎಂದು ಕರೆದದ್ದಕ್ಕೂ ಯಾರೂ ತಿರುಗಿ ನೋಡಲಿಲ್ಲವಂತೆ. ವಯಸ್ಸಾದವರು ದಾರಿಹೋಕನನ್ನೂ ಮಗಾ ಅನ್ನುತ್ತಾರಲ್ಲ, ಅದೂ ನಿನಗೆ ಅನುಕೂಲವೇ ಆಯಿತು. ಬೆಲ್ಲ ಹಾಕಿದ್ದು ತಪ್ಪು, ಒಪ್ಪಿದೆ. ಅದು ತಿಳಿಯದೆ ಮಾಡಿದ್ದು. ನಿನ್ನ ಕೆಲಸ ಗಟ್ಟಿಯಾಗಲಿ ಎಂದು ಮಾಡಿದ್ದು. ನೀನು ಮಾಡಿದ್ದು ತಿಳಿದೂ ತಿಳಿದೂ. ಅಮ್ಮಿ ಇಲ್ಲದ್ದೇ ವಾಸಿ, ಇದನ್ನು ಕೇಳುವುದು ತಪ್ಪಿತು.

ಅಬ್ಬಾ ನನ್ನ ಬಳಿ ಈ ಮಾತು ಎತ್ತಿಲ್ಲ, ನಾನೂ ಎತ್ತಿಲ್ಲ. ವಹಾಬನಿಗೆ ಕಾಗದ ಬರೆಯುತ್ತಿದ್ದೇನೆ, ಏನಾದರೂ ಸೇರಿಸಲೇ ಎಂದೆ. "ಒಳಗಿನ ನೆಲಕ್ಕೆ ನೀರು ಕಟ್ಟಿಸ್ದ್ನಾ ಕೇಳು, ಬಿಸ್ಲು ಜಾಸ್ತಿ ಅದೆ, ಸೀಳು ಬುಟ್ಟಾತು" ಅಂದರು. ಇಷ್ಟೇ ಅವರು ನಿನಗೆ ಹೇಳಿಸಿರುವುದು.

ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ನೀನು ಮದ್ದೂರಿಗೆ ಹೋಗಬೇಕು, ಅದೇ ಮಹದೇವಯ್ಯನವರ ಮುಂದೆ ನಿಂತು ಇವರು ನಮ್ಮಪ್ಪ ಎಂದು ಹೇಳಬೇಕು. ಅಲ್ಲಿಯವರೆಗೆ ನನಗೆ ಬರೆಯಬೇಡ.

ಆಮಿನಾ


ಬೆಂಗಳೂರು
30-6-1946

ಆಪಾ,

ಬರೆಯಬೇಡ ಎಂದು ನೀನು ಹೇಳಿದ್ದೆ. ಮೂರು ಸಲ ಬರೆದು ಹರಿದೆ, ಇದನ್ನು ಹರಿಯದೆ ಹಾಕುತ್ತೇನೆ.

ಹೌದು, ಹಾಗೆ ಅಂದೆ. ಜವರಯ್ಯ ಒಂದಕ್ಷರ ಹೆಚ್ಚಿಸಿಲ್ಲ. ಗಾರೆಯವರ ಮಗ ಎಂದು ತಿಳಿದರೆ ಕೆಲಸವೆಲ್ಲ ಕೈತಪ್ಪುತ್ತದೆ ಅನ್ನಿಸಿತು. ಅಷ್ಟು ಹೊತ್ತಿಗೆ ಅದು ಆಗಲೇ ಕೈತಪ್ಪಿತ್ತು. ಕಳೆದುಹೋದದ್ದನ್ನು ಉಳಿಸಿಕೊಳ್ಳುವುದಕ್ಕೆ ಅಪ್ಪನನ್ನು ಬಿಟ್ಟೆ.

ಈಗ ಇಲ್ಲಿ ರೈಲ್ವೆ ಗೂಡ್ಸ್ ಶೆಡ್ಡಿನ ಪಕ್ಕ ಒಬ್ಬರ ಹತ್ತಿಯ ಗೋದಾಮಿನ ನೆಲಕ್ಕೆ ಕೂಲಿಯಾಗಿ ದುಡಿಯುತ್ತಿದ್ದೇನೆ. ಅಲ್ಲಿಗೆ ಬರುವ ಇಂಜಿನಿಯರರ ಹತ್ತಿರ ಬೆಲ್ಲದ ಸಂಗತಿ ಕೇಳಿದೆ, ಯಾರದೋ ಊರಲ್ಲಿ ನಡೆದದ್ದು ಎಂಬಂತೆ. ಅವರು ನಕ್ಕರು. "ಸಕ್ಕರೆ, ಬೆಲ್ಲ ಹೆಚ್ಚು ಬಿದ್ದರೆ ಸಿಮೆಂಟು ಮಣ್ಣೇ ಸರಿ. ಸ್ವಲ್ಪ ಬಿದ್ದರೆ ತಡವಾಗಿ ಬಿಗಿಯುತ್ತದೆ, ಆಮೇಲೆ ಏನೂ ಕಮ್ಮಿಯಾಗುವುದಿಲ್ಲ. ಕಾಯಬೇಕಿತ್ತು" ಅಂದರು. ಅಬ್ಬಾಗೂ ಇದು ಗೊತ್ತಿರಲಿಲ್ಲ, ಅವರು ಸುಣ್ಣದ ಲೆಕ್ಕದಲ್ಲಿ ತಡಿ ಅಂದದ್ದು. ಆದರೂ ತಡಿ ಅಂದಿದ್ದರಲ್ಲ. ಬಾಗಿಲ ಹತ್ತಿರ ಅಗೆಯದೆ ಬಿಟ್ಟದ್ದು ಈಗ ಏನಾಗಿದೆಯೋ ಯಾರು ಬಲ್ಲರು?

ಮದ್ದೂರಿಗೆ ಹೋಗು ಅಂದಿದ್ದೆ ನೀನು. ಹೋಗಿಲ್ಲ. ಎರಡು ಸಲ ರೈಲಿನಲ್ಲಿ ಆ ಸ್ಟೇಷನ್ ದಾಟಿ ಮಂಡ್ಯದಲ್ಲಿ ಇಳಿದು, ಹಾಗೇ ತಿರುಗಿ ಬಂದೆ. ಈ ಕಾಗದವನ್ನು ಅಬ್ಬಾಗೆ ಓದಿ ಹೇಳಬೇಕೋ ಬೇಡವೋ ನಿನಗೆ ಬಿಟ್ಟಿದ್ದು.

ವಹಾಬ್


ಮಳವಳ್ಳಿ
21-8-1946

ತಮ್ಮ ವಹಾಬನಿಗೆ,

ಓದಿ ಹೇಳಿದೆ. ಇಂಜಿನಿಯರರ ಮಾತು ಬರುವವರೆಗೆ ಗೋಡೆ ನೋಡುತ್ತ ಕೂತಿದ್ದವರು ಆ ಸಾಲು ಬಂದಕೂಡಲೇ "ಇನ್ನೊಂದ್ಸಲ ಓದು" ಅಂದರು. ಅಷ್ಟೇ. ಆಮೇಲೆ ನಡೆದದ್ದಕ್ಕೆ ನಗಬೇಕೋ ಅಳಬೇಕೋ ನನಗಂತೂ ತಿಳಿಯದು.

ಹೋದ ವಾರ ರೋಜಾ ಉಪವಾಸವಿದ್ದುಕೊಂಡೇ ಬಸ್ಸು ಹತ್ತಿ ಒಬ್ಬರೇ ಮದ್ದೂರಿಗೆ ಹೋಗಿಬಂದಿದ್ದಾರೆ! ಯಾರನ್ನೋ ನೋಡಬೇಕು ಎಂದು ಹೇಳಿ ಹೊರಟವರು. ಸಂಜೆ ಬಂದು ಖರ್ಜೂರ ಬಾಯಿಗೆ ಹಾಕಿಕೊಂಡ ಮೇಲೆ ತಾವೇ ಶುರುಮಾಡಿದರು. ನೇರ ಮಂಡಿಗೆ ಹೋಗಿ ಗೋದಾಮು ನೋಡಬೇಕು ಅಂದರಂತೆ. ಬಾಗಿಲ ಬಳಿ ನೀನು ಬಿಟ್ಟುಹೋದ ತುಂಡು ಕಲ್ಲಾಗಿದೆ. ಹಿಮ್ಮಡಿಯಲ್ಲಿ ಗುದ್ದಿದರಂತೆ, ಆಳಿನ ಕೈಯಿಂದ ಹಾರೆ ಇಸಿದುಕೊಂಡು ಕುಟ್ಟಿದರಂತೆ, ಏಳಲಿಲ್ಲ. ಎಷ್ಟು ತಿಂಗಳಾಗಿತ್ತೋ ಅವರ ಮುಖದಲ್ಲಿ ಆ ಬೆಳಕು ನೋಡಿ.

ಮಹದೇವಯ್ಯನವರು ಗುರುತು ಹಿಡಿದು, "ಅವತ್ತು ಕೆಡಿಸಿದ ಸಾಬ್ರು ನೀವೇ ಅಲ್ವಾ?" ಎಂದು ಕೇಳಿದರಂತೆ. ಇವರು "ಊಂ ಬುದ್ಧಿ, ನಾನೇ. ಆ ಉಡುಗುಂದೇನೂ ತಪ್ಪಿಲ್ಲ. ಅವ್ನ ಕೆಲ್ಸ ಸರಿಯಾಗೇ ಇತ್ತು, ನಡುವೆ ಕೈ ಆಕಿ ಕೆಡಿಸಿದ್ದು ನಾನು. ಮಿಕ್ಕ ನೆಲಾನೂ ಅವ್ನ್ ಕೈಲೇ ಆಕ್ಸಿ" ಅಂದರಂತೆ. "ಆತ ನಿಮಗೇನಾಗ್ಬೇಕು?" ಅಂದರಂತೆ ಮಹದೇವಯ್ಯನವರು.

"ಏನೂ ಆಗ್ಬೇಕಾಗಿಲ್ಲ ಬುದ್ಧಿ. ಅವ್ನ್ ಕೆಲ್ಸ ಕಂಡೋನು ನಾನು, ಅದ್ಕೇ ಏಳ್ದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಯಾಕಬ್ಬಾ, ಬಾಯಲ್ಲಿ ಒಂದು ಮಾತು ಬರಲಿಲ್ಲವೇ ಎಂದು ಕೂಗಾಡಿಬಿಟ್ಟೆ. ನಿಧಾನವಾಗಿ ಹೇಳಿದರು: "ಅವ್ನು ಒಂದ್ ಮಾತು ಆಡ್ಬುಟ್ಟವ್ನೆ ಕಣಮ್ಮ. ನಾನು ಓಗಿ ಬೇರೆ ಏಳುದ್ರೆ ಅವ್ನು ಸುಳ್ಳುಗಾರ ಆಯ್ತಾನೆ. ಸುಳ್ಳುಗಾರನ ನೆಲಾನ ಯಾರು ನಂಬ್ತಾರೆ?"

ಮಹದೇವಯ್ಯನವರು ಹೊಸ ಪರ್ಮಿಟ್ಟಿಗೆ ಅರ್ಜಿ ಹಾಕುತ್ತಾರಂತೆ, ಸಿಕ್ಕಿದರೆ ನಿನಗೇ ಕಾಗದ ಬರೆಯುತ್ತಾರಂತೆ. ಅಬ್ಬಾ ನಿನ್ನ ಬೆಂಗಳೂರಿನ ವಿಳಾಸ ಕೊಟ್ಟುಬಂದಿದ್ದಾರೆ. ಏನೂ ಆಗಬೇಕಾಗಿಲ್ಲದವರಿಗೆ ವಿಳಾಸ ಹೇಗೆ ಗೊತ್ತಾಯಿತು ಎಂದು ಅವರೂ ಕೇಳಲಿಲ್ಲ, ಇವರಿಗೂ ಹೊಳೆಯಲಿಲ್ಲ.

ಹಬ್ಬಕ್ಕೆ ಇನ್ನೊಂದು ವಾರ. ನಾನು ಹಾಕಿದ್ದ ಆಣೆಯನ್ನು ನಾನೇ ಮುರಿದಿದ್ದೇನೆ, ಬಾ.

ನಿನ್ನ ಅಕ್ಕ,
ಆಮಿನಾ


ಮಳವಳ್ಳಿ
2-9-1946

ಹಬ್ಬವಾಯಿತು. ನಿನ್ನ ಪಾಲಿನ ಶಾವಿಗೆಯನ್ನು ಸಂಜೆಯವರೆಗೂ ಮುಚ್ಚಿಟ್ಟಿದ್ದೆವು. ಆಮೇಲೆ ನಿನ್ನ ಭಾವನಿಗೆ ಬಡಿಸಿದೆ.

ಆಮಿನಾ


ಮದ್ದೂರು
12-12-1946

ಆಪಾ,

ಹಬ್ಬಕ್ಕೆ ಬರಲಿಲ್ಲ. ಅಬ್ಬಾ ಅಲ್ಲಿ ಹೇಳಿದ ಮಾತು ಓದಿದ ಮೇಲೆ ಯಾವ ಮುಖ ಹೊತ್ತು ಬರಲಿ? ಮೊದಲು ಮದ್ದೂರಿನಲ್ಲಿ ಹೇಳಬೇಕಾದ್ದನ್ನು ಹೇಳಿ, ಅಲ್ಲಿಂದ ನೇರ ಮನೆಗೆ ಬರೋಣ ಎಂದುಕೊಂಡೆ.

ಪರ್ಮಿಟ್ಟು ಬಂತು, ಮಹದೇವಯ್ಯನವರು ಕರೆಸಿದರು. ಅಗೆದದ್ದಷ್ಟನ್ನೂ ತುಂಬಿಸಿ ಮುಗಿಸಿದ್ದೇನೆ. ಒಳಗಿನ ಹಳೆಯದಕ್ಕೂ ಹೊಸದಕ್ಕೂ ನಡುವೆ ಒಂದು ಸಂದು, ಬಾಗಿಲ ಕಡೆ ಇನ್ನೊಂದು. ಎಷ್ಟು ನಯಮಾಡಿದರೂ ಕಣ್ಣಿಗೆ ಬೀಳುತ್ತವೆ. ಡಾಂಬರು ತುಂಬಿದ್ದೇನೆ, ತೇವ ಬರಲಾರದು. ಆದರೆ ಒಂದೇ ಹರವಿನ ನೆಲವಾಗಲಿಲ್ಲ. ಕಾದಿದ್ದರೆ ಆಗುತ್ತಿತ್ತು.

ಮೊನ್ನೆ ಗೋದಾಮಿನ ಪೂಜೆ. ಅಕ್ಕಪಕ್ಕದ ಮಂಡಿಯವರೆಲ್ಲ ಸೇರಿದ್ದರು. ಇವತ್ತು ಹೇಳಲೇಬೇಕು ಎಂದು ಬೆಳಿಗ್ಗೆಯಿಂದ ಮಾತು ಜೋಡಿಸಿಕೊಂಡಿದ್ದೆ. ನಾನು ಶುರುಮಾಡುವ ಮೊದಲೇ ಮಹದೇವಯ್ಯನವರು ಎಲ್ಲರ ಮುಂದೆ, "ನೆಲ ಚೆನ್ನಾಗದೆ ಕಣಪ್ಪ. ಆದ್ರೆ ಆ ಸಾಬ್ರು ಬಂದು ಏಳ್ದೆ ಇದ್ದಿದ್ರೆ ನಿನ್ನ ನಾನು ಕರೀತಿರ್ಲಿಲ್ಲ. ತಮ್ ತಪ್ಪು ತಾವೇ ಒಪ್ಕೊಂಡ್ರಲ್ಲ, ಇಂಥೋರು ಎಲ್ ಸಿಕ್ತಾರೆ? ಒಂದು ಪಂಚೆ ಕೊಡ್ಬೇಕು ಅವರ್ಗೆ. ಎಲ್ಲಿಯವ್ರು, ಗೊತ್ತಾ?" ಅಂದರು.

"ಮಳವಳ್ಳಿಯವರು. ಅವರು ನಮ್ಮ ತಂದೆ" ಅಂದೆ.

ಗಟ್ಟಿಯಾಗಿಯೇ ಅಂದೆ ಆಪಾ, ಆಣೆಗೂ. ಮಹದೇವಯ್ಯನವರು ನನ್ನ ಬೆನ್ನು ತಟ್ಟಿದರು. "ದೊಡ್ಡ ಮಾತಾಡ್ದೆ ಕಣಪ್ಪ. ತಂದೆ ಅಂತ್ಲೇ ತಿಳ್ಕೊ. ಅಂಥೋರು ತಂದೆ ಸಮಾನ" ಅಂದರು. ಸುತ್ತ ಇದ್ದವರೆಲ್ಲ ಹೌದು ಹೌದು ಎಂದು ತಲೆದೂಗಿದರು. ಒಬ್ಬರು, ಈ ಕಾಲದ ಹುಡುಗರಲ್ಲಿ ಇಷ್ಟು ವಿನಯ ನೋಡಿಲ್ಲ ಎಂದೂ ಹೇಳಿದರು.

ಇನ್ನೊಂದು ಸಲ ಹೇಳಬೇಕಿತ್ತು. ಸಮಾನ ಅಲ್ಲ, ನನ್ನನ್ನು ಹುಟ್ಟಿಸಿದವರು, ಅವತ್ತು ನಾನು ಹೇಳಿದ್ದು ಸುಳ್ಳು ಎಂದು. ಬಾಯಿ ತೆರೆದೆ. ಅಷ್ಟರಲ್ಲಿ ಪ್ರಸಾದ ಬಂತು. ಎರಡೂ ಕೈ ಒಡ್ಡಿ ತೆಗೆದುಕೊಂಡೆ, ತಿಂದೆ. ಮಾತು ಬೇರೆ ಕಡೆಗೆ ಹೋಯಿತು. ಆ ಗಳಿಗೆಯಲ್ಲಿ ನನಗೆ ಹಗುರವಾಯಿತು ಆಪಾ. ಹೇಳಿದಂತೆಯೂ ಆಯಿತು, ಯಾರಿಗೂ ತಿಳಿಯದಂತೆಯೂ ಆಯಿತು ಅನ್ನಿಸಿತು. ಮೊದಲ ಸಲದ್ದಕ್ಕಿಂತ ಇದು ಹೆಚ್ಚು ನಾಚಿಕೆಗೇಡು. ಮೊದಲ ಸಲ ಹೆದರಿಕೆ ಇತ್ತು. ಈ ಸಲ ಏನೂ ಇರಲಿಲ್ಲ.

ಅವರು ಕೊಟ್ಟ ಪಂಚೆಯನ್ನು ಜವರಯ್ಯನ ಕೈಯಲ್ಲಿ ಕಳಿಸಿದ್ದೇನೆ. ನಾನೇ ತರಬೇಕಿತ್ತು. ತರಲಾರೆ.

ವಹಾಬ್


ಮಳವಳ್ಳಿ
20-12-1946

ವಹಾಬ್,

ಪಂಚೆ ಬಂತು. ಜವರಯ್ಯ ಜಗಲಿಯ ಮೇಲೆ ಇಟ್ಟು, "ಮದ್ದೂರ್ ಯಜಮಾನ್ರು ಕಳ್ಸವ್ರೆ ದೊಡ್ಡೋರೆ" ಅಂದ. ಅಬ್ಬಾ ಅದನ್ನು ಮುಟ್ಟಿಯೂ ನೋಡಲಿಲ್ಲ. ಜವರಯ್ಯನ ಹಿಂದೆ, ಬಂಡಿಯ ಹಿಂದೆ, ಬೀದಿಯ ಉದ್ದಕ್ಕೂ ನೋಡಿದರು. "ನೀನೊಬ್ನೇ ಬಂದ್ಯಾ?" ಎಂದು ಕೇಳಿದರು. ಊಂ ಅಂದ ಅವನು. ಒಳಗೆ ಹೋಗಿ ಮಲಗಿದರು.

ನಿನ್ನ ಕಾಗದ ಓದಿ ಹೇಳಿದೆ. ತಂದೆ ಸಮಾನ ಅಂದ ಕಡೆ ನನಗೆ ಓದಲಾಗದೆ ನಿಲ್ಲಿಸಿದೆ. ಅವರಿಗೆ ಸಿಟ್ಟು ಬಂದಿರಬಹುದು ಎಂದು ಮುಖ ನೋಡಿದೆ. "ಅಂದ್ನಾ? ಎಲ್ಲಾರ ಮುಂದೇನೂ ಅಂದ್ನಾ?" ಎಂದು ಕೇಳಿದರು. ಅಂದ, ಅವರು ನಂಬಲಿಲ್ಲ ಎಂದೆ. "ಅವ್ರು ನಂಬ್ದೆ ಓದ್ರೆ ಓಗ್ಲಿ ಬುಡು" ಅಂದರು. ಮತ್ತೆ ನೀನು ಅವರು ನಮ್ಮ ತಂದೆ ಅಂದ ಆ ಒಂದು ಸಾಲನ್ನೇ ಓದಿಸಿದರು. ಕಿವಿಗೆ ಕೈ ಅಡ್ಡ ಹಿಡಿದು, ಹತ್ತಿರಕ್ಕೆ ಬಾಗಿ, ಇನ್ನೂ ಗಟ್ಟಿಯಾಗಿ ಓದು ಅಂದರು. ನಾಲ್ಕು ಸಲ ಓದಿದೆ.

ನಿನ್ನ ನಾಚಿಕೆಯನ್ನು ಅಲ್ಲಿ ಇಟ್ಟುಕೊಂಡು ಏನು ಮಾಡುತ್ತೀಯೋ? ಮಹದೇವಯ್ಯನವರಿಗೆ ಹೇಳುವುದು, ಬಿಡುವುದು ನಿನಗೇ ಸೇರಿದ್ದು, ಇನ್ನು ನಾನು ಆ ಮಾತೆತ್ತುವುದಿಲ್ಲ. ಇಲ್ಲಿಗೆ ಬಾ. ಬರುವಾಗ ಬೀದಿಯ ತುದಿಯಿಂದಲೇ ಅಬ್ಬಾ ಎಂದು ಕೂಗಿಕೊಂಡು ಬಾ, ಗಟ್ಟಿಯಾಗಿ ಕೂಗು. ಅವರಿಗೆ ಈಚೆಗೆ ಕಿವಿ ಅಷ್ಟಾಗಿ ಕೇಳಿಸುವುದಿಲ್ಲ.

ನಿನ್ನ ಅಕ್ಕ,
ಆಮಿನಾ